ಫಿಲಾಸಫಿ ಓದಿಲ್ಲ, ಮನಸ್ಸು–ಮೆದುಳಿನ ಮಾಸ್ಟರ್ಸ್‌ಗೆ ಅರ್ಜಿ ಹಾಕಬಹುದೇ?

ಪ್ರಶ್ನೆ: ಮೇಡಂ, ನಾನು ಶಿಡ್ಲಘಟ್ಟದವಳು. ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ ಮುಗಿಸಿದೆ. ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ ನನ್ನ ವಿಷಯ. ಸಿಜಿಪಿಎ 7.8. ಅಜ್ಜಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋದಾಗ, ಕೈ ಚೆನ್ನಾಗೇ ಇದೆ ಎಂದು ಮೂರು ವಾರ ಹೇಳುತ್ತಿದ್ದರು. ಆಗಿನಿಂದ ಮೆದುಳಿನ ಬಗ್ಗೆ ಓದುತ್ತಿದ್ದೇನೆ. ಫಿಲಾಸಫಿಯೂ ತುಂಬ ಇಷ್ಟ. ಎರಡೂ ಸೇರಿದ ಮಾಸ್ಟರ್ಸ್ ಕೋರ್ಸ್‌ಗಳು ಜರ್ಮನಿಯಲ್ಲಿ ಇವೆಯಂತೆ. ಕಾಲೇಜಿನಲ್ಲಿ ಫಿಲಾಸಫಿ ಓದಿಯೇ ಇಲ್ಲದ ನನಗೆ ಸೀಟು ಸಿಗುತ್ತದೆಯೇ? ಅಪ್ಪನದು ಚಿಕ್ಕ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ. ಎಷ್ಟು ಖರ್ಚಾಗುತ್ತದೆ? ಓದಿದ ಮೇಲೆ ಏನು ಕೆಲಸ ಎಂದು ಮನೆಯಲ್ಲಿ ಕೇಳುತ್ತಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಅಜ್ಜಿಯ ವಿಷಯ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಉಳಿದದ್ದೆಲ್ಲ ಅಂಕ, ಕೋರ್ಸು, ಹಣ. ನಾನು ಆ ಒಂದು ಸಾಲಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಅರ್ಜಿಯ ಜೀವ ಇರುವುದು ಅಲ್ಲೇ.

ಅಜ್ಜಿಗೆ ಆದದ್ದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ: ಅನೊಸೊಗ್ನೋಸಿಯಾ. ತನಗಿರುವ ಕಾಯಿಲೆ ತನಗೇ ತಿಳಿಯದಿರುವುದು ಎಂದರ್ಥ. ಫ್ರಾನ್ಸ್‌ನ ನರವೈದ್ಯ ಬಬಿನ್ಸ್ಕಿ 1914ರಲ್ಲಿ ಈ ಹೆಸರು ಕೊಟ್ಟರು. ಮೆದುಳಿನ ಬಲಭಾಗಕ್ಕೆ ಪೆಟ್ಟಾಗಿ ಎಡಗೈ ಎಡಗಾಲು ಬಿದ್ದುಹೋದವರಲ್ಲಿ ಇದು ಜಾಸ್ತಿ ಕಾಣುತ್ತದೆ. ಚಪ್ಪಾಳೆ ತಟ್ಟಿ ಎಂದರೆ ಬಲಗೈಯನ್ನು ಮಾತ್ರ ಗಾಳಿಯಲ್ಲಿ ಆಡಿಸಿ, ತಟ್ಟಿದೆನಲ್ಲ ಎನ್ನುವವರಿದ್ದಾರೆ. ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿ ಹಾಗೇ ಅನಿಸುತ್ತದೆ. ಬಹಳ ಜನರಲ್ಲಿ ಕೆಲವು ದಿನ ಅಥವಾ ವಾರಗಳಲ್ಲಿ ಇದು ತಾನಾಗಿ ಕಡಿಮೆಯಾಗುತ್ತದೆ. ನಿಮ್ಮ ಅಜ್ಜಿಗೂ ಮೂರು ವಾರ ಎಂದಿದ್ದೀರಿ.

ಮನೆಯವರು ಇದನ್ನು ನೋಡಿ ಏನಂದುಕೊಳ್ಳುತ್ತಾರೆ? ಪಾಪ, ದುಃಖ ತಡೆಯಲಾರದೆ ಒಪ್ಪಿಕೊಳ್ಳುತ್ತಿಲ್ಲ ಅಂತ. ಒಂದು ಕಾಲಕ್ಕೆ ಕೆಲವು ವೈದ್ಯರೂ ಹಾಗೇ ಅಂದುಕೊಂಡಿದ್ದರು. ಆದರೆ ದುಃಖವೇ ಕಾರಣವಾದರೆ ಬಲಗೈ ಬಿದ್ದವರಲ್ಲೂ ಇದು ಅಷ್ಟೇ ಕಾಣಬೇಕು. ಅದೂ ಬಲಗೈ ಹೋದರೆ ದುಃಖ ಇನ್ನೂ ಜಾಸ್ತಿ, ಅಲ್ವಾ? ಅವರಲ್ಲಿ ಇದು ಕಡಿಮೆ. ಇದಕ್ಕೂ ಒಂದು ಆಕ್ಷೇಪ ಇದೆ. ಬಲಗೈ ಬಿದ್ದವರಲ್ಲಿ ಪೆಟ್ಟು ಮೆದುಳಿನ ಎಡಭಾಗಕ್ಕೆ ಆಗಿರುತ್ತದೆ. ಹಲವರಿಗೆ ಮಾತೇ ನಿಂತಿರುತ್ತದೆ. ಮಾತಾಡಲಾಗದವರನ್ನು ನಿಮ್ಮ ಕೈ ಹೇಗಿದೆ ಎಂದು ಕೇಳುವುದು ಹೇಗೆ? ಹಾಗಾಗಿ ಎಣಿಕೆಯೇ ತಪ್ಪಿರಬಹುದು. ನೋಡಿ, ಇಷ್ಟರಲ್ಲೇ ವಿಜ್ಞಾನದ ಒಂದು ಒಳ್ಳೆಯ ಜಗಳಕ್ಕೆ ಬಂದುಬಿಟ್ಟೆವು.

ಇನ್ನೊಂದು ಸಂಗತಿ ಕೇಳಿ. ಇಂಥ ರೋಗಿಗಳ ಎಡಕಿವಿಗೆ ವೈದ್ಯರು ತಣ್ಣೀರು ಬಿಟ್ಟಾಗ, ಕೆಲವರು ಸ್ವಲ್ಪ ಹೊತ್ತು ತಮ್ಮ ಕೈ ಬಿದ್ದುಹೋಗಿದೆ ಎಂದು ಒಪ್ಪಿಕೊಂಡಿದ್ದಾರೆ. ಒಳಕಿವಿಯ ಸಮತೋಲನದ ಅಂಗ ಕೆರಳಿ ಹೀಗಾಗುತ್ತದೆ. ತಣ್ಣೀರಿನ ಪ್ರಭಾವ ಇಳಿದ ಮೇಲೆ ಮತ್ತೆ ಹಳೆಯ ಮಾತೇ. ಮನೆಯಲ್ಲಿ ಯಾರೂ ಇದನ್ನು ಮಾಡಬಾರದು. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರೂ 1990ರ ದಶಕದಲ್ಲಿ ಈ ಪ್ರಯೋಗ ಮಾಡಿದರು. ಹಾಗಾದರೆ ಕೈ ಬಿದ್ದಿದೆ ಎಂಬುದು ಆ ವ್ಯಕ್ತಿಗೆ ಒಳಗೆಲ್ಲೋ ಮೊದಲಿನಿಂದಲೂ ಗೊತ್ತಿತ್ತೇ? ಗೊತ್ತಿದ್ದೂ ಗೊತ್ತಿಲ್ಲದೆ ಇರುವುದು ಎಂದರೆ ಏನು? ‘ನನಗೆ ಗೊತ್ತು’ ಎನ್ನಲು ಯಾವುದು ಸಾಕು?

ಈ ಪ್ರಶ್ನೆಗೆ ಸ್ಕ್ಯಾನ್ ಒಂದೇ ಉತ್ತರ ಕೊಡಲಾರದು. ತಿಳಿಯುವುದು ಎಂದರೇನು ಎಂದು ಮೊದಲು ಬಿಡಿಸಿಕೊಳ್ಳಬೇಕು. ಅದು ಫಿಲಾಸಫಿಯ ಕೆಲಸ. ಕೂತು ಯೋಚಿಸಿದರೂ ಸಾಲದು. ಯಾವ ಭಾಗಕ್ಕೆ ಪೆಟ್ಟಾದರೆ ಯಾವ ತಿಳಿವು ಹೋಗುತ್ತದೆ ಎಂದು ನೋಡಬೇಕು. ಅದು ನರವಿಜ್ಞಾನದ ಕೆಲಸ.

ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ. ‘ನನಗೆ ಎರಡು ವಿಷಯ ಇಷ್ಟ’ ಎಂದು ಬರೆದವರ ಅರ್ಜಿ ರಾಶಿಯಲ್ಲಿ ಕಳೆದುಹೋಗುತ್ತದೆ. ‘ನನ್ನ ಹತ್ತಿರ ಒಂದು ಪ್ರಶ್ನೆ ಇದೆ, ಎರಡೂ ಕಲಿಯದೆ ಅದು ಬಗೆಹರಿಯುವುದಿಲ್ಲ’ ಎಂದು ತೋರಿಸಿದವರದ್ದನ್ನು ಎತ್ತಿಟ್ಟುಕೊಳ್ಳುತ್ತಾರೆ. ಇದು ನನಗೆ ಪೆಟ್ಟು ತಿಂದೇ ಗೊತ್ತಾದದ್ದು. ನಾನೂ ತುಮಕೂರಿನಲ್ಲಿ ಪದವಿ ಓದಿದವಳು. ಮೊದಲ ವರ್ಷ ಮೂರು ಕಡೆ ಅರ್ಜಿ ಹಾಕಿದೆ. ಯಾಕೆ ಓದಬೇಕು ಎಂದು ಅರ್ಜಿಯ ಜೊತೆ ಬರೆದುಕೊಡುವ ಉದ್ದೇಶ ಪತ್ರದಲ್ಲಿ ಅರ್ಧ ಪುಟ ಮೆದುಳು, ಅರ್ಧ ಪುಟ ಫಿಲಾಸಫಿ. ಮೂರೂ ಕಡೆಯಿಂದ ಇಲ್ಲ ಎಂದು ಬಂತು. ಮುಂದಿನ ವರ್ಷ ಅದೇ ಅಂಕ, ಅದೇ ಕಾಲೇಜು. ಬದಲಾದದ್ದು ಪತ್ರ ಮಾತ್ರ. ಈಗ ಬೆಂಗಳೂರಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಹುಡುಗ ಹುಡುಗಿಯರ ಪತ್ರ ಓದಿ ತಿದ್ದಿಕೊಡುತ್ತೇನೆ. ಅದೇ ಎರಡು ಅರ್ಧ ಪುಟಗಳು ಇವತ್ತಿಗೂ ಬರುತ್ತವೆ.

ಹಾಗಾದರೆ ಪತ್ರ ಹೇಗಿರಬೇಕು? ‘ಚಿಕ್ಕಂದಿನಿಂದಲೂ ನನಗೆ ಮನಸ್ಸಿನ ಬಗ್ಗೆ ಕುತೂಹಲ’ ಎಂಬ ಸಾಲು ಬೇಡವೇ ಬೇಡ. ಅಜ್ಜಿಯನ್ನು ನೋಡಿದ ಒಂದು ದಿನವನ್ನು ಮೂರು ನಾಲ್ಕು ಸಾಲಿನಲ್ಲಿ ಹೇಳಿ. ಅವರು ಏನಂದರು, ನೀವು ಏನು ಕೇಳಿದಿರಿ, ಅಷ್ಟೇ. ಕಣ್ಣೀರು ತರಿಸುವುದು ಬೇಡ. ಅಲ್ಲಿಂದ ನೇರವಾಗಿ ಪ್ರಶ್ನೆಗೆ ಬನ್ನಿ. ಈ ಪ್ರಶ್ನೆಗೆ ಈಗಾಗಲೇ ಯಾರು ಏನು ಉತ್ತರ ಕೊಟ್ಟಿದ್ದಾರೆ, ಅದರಲ್ಲಿ ನಿಮಗೆ ಎಲ್ಲಿ ಸಮಾಧಾನ ಇಲ್ಲ ಎಂದು ಒಂದು ಪ್ಯಾರಾ. ಆಮೇಲೆ ಆ ಕೋರ್ಸಿನಲ್ಲಿ ಯಾರ ಕೆಲಸ, ಯಾವ ಪಾಠ ನಿಮಗೆ ಬೇಕು ಎಂದು ಇನ್ನೊಂದು. ಹತ್ತು ವಿಶ್ವವಿದ್ಯಾಲಯಕ್ಕೆ ಹೆಸರು ಮಾತ್ರ ಬದಲಿಸಿ ಕಳಿಸಿದ ಪತ್ರ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಇಚ್ಛಾಸ್ವಾತಂತ್ರ್ಯದ ಬಗ್ಗೆ ಬರೆಯಬೇಕು ಎಂದು ಬಹಳ ಜನಕ್ಕೆ ಆಸೆ. ನಿಮಗೂ ಬರಬಹುದು. 1983ರಲ್ಲಿ ಲಿಬೆಟ್ ಎಂಬವರ ತಂಡ ಒಂದು ಪ್ರಯೋಗ ಪ್ರಕಟಿಸಿತು. ಕೈ ಆಡಿಸಬೇಕು ಎಂದು ನಮಗೆ ಅನಿಸುವುದು ಆಡಿಸುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಮೊದಲು. ಮೆದುಳಿನ ತಯಾರಿಯ ಸಂಕೇತ ಕಾಣುವುದು ಸುಮಾರು 550 ಮಿಲಿಸೆಕೆಂಡ್ ಮೊದಲು. ಹಾಗಾಗಿ ನಿರ್ಧಾರ ನಮ್ಮದಲ್ಲ, ಮೆದುಳಿನದು ಎಂದು ಬರೆದು ಮುಗಿಸುತ್ತಾರೆ. 2012ರಲ್ಲಿ ಶರ್ಗರ್ ಮತ್ತು ಜೊತೆಗಾರರು ಆ ಸಂಕೇತಕ್ಕೆ ಬೇರೆಯೇ ವಿವರಣೆ ಕೊಟ್ಟರು. ಮೆದುಳಿನಲ್ಲಿ ಸದಾ ಆಗುವ ಏರಿಳಿತಗಳು ಒಂದು ಮಿತಿ ದಾಟಿದಾಗ ಕೈ ಆಡುತ್ತದೆ. ಕೈ ಆಡಿದ ಕ್ಷಣದಿಂದ ಹಿಂದಕ್ಕೆ ಹೋಗಿ ಹಲವು ಸಲದ ಸರಾಸರಿ ತೆಗೆದರೆ ಆ ಏರಿಳಿತವೇ ತಯಾರಿಯಂತೆ ಕಾಣುತ್ತದೆ, ಅದು ತೆಗೆದುಕೊಂಡಾಗಿರುವ ನಿರ್ಧಾರ ಆಗಬೇಕಿಲ್ಲ ಎಂದರು. ಇದನ್ನು ಓದದೆ ಲಿಬೆಟ್ ಬಗ್ಗೆ ಬರೆದರೆ ಅರ್ಜಿಗೆ ನಷ್ಟವೇ.

ನಮ್ಮ ಕಡೆಯವರು ಮಾಡುವ ಇನ್ನೊಂದು ತಪ್ಪಿದೆ. ‘ನಮ್ಮ ಋಷಿಗಳಿಗೆ ಇದೆಲ್ಲ ಆಗಲೇ ಗೊತ್ತಿತ್ತು’ ಎಂದು ಬರೆಯುವುದು. ಓದುವವರು ಅಲ್ಲಿಗೇ ಪುಟ ಮಡಚುತ್ತಾರೆ. ಆದರೆ ಭಾರತದ ದರ್ಶನಗಳನ್ನು ಅಂಧಾಭಿಮಾನಕ್ಕಲ್ಲದೆ ವಾದಕ್ಕಾಗಿ ತಂದರೆ ಅದು ನಿಮ್ಮ ದೊಡ್ಡ ಬಲ. ನಿಮ್ಮ ಪ್ರಶ್ನೆಗೇ ನೋಡಿ. ನನಗೆ ಒಂದು ವಿಷಯ ತಿಳಿದಿದೆ ಎಂಬುದು ನನಗೆ ತಿಳಿಯುವುದು ಹೇಗೆ? ನ್ಯಾಯದರ್ಶನದವರು ಹೇಳುವುದು, ಮೊದಲು ಒಂದು ಜ್ಞಾನ ಹುಟ್ಟುತ್ತದೆ, ಆ ಜ್ಞಾನವನ್ನು ತಿಳಿಯಲು ಎರಡನೆಯದೊಂದು ಜ್ಞಾನ ಬೇಕು. ಅದನ್ನು ಅನುವ್ಯವಸಾಯ ಎನ್ನುತ್ತಾರೆ. ಅದ್ವೈತಿಗಳು, ಮೀಮಾಂಸೆಯ ಪ್ರಾಭಾಕರರು ಇದನ್ನು ಒಪ್ಪುವುದಿಲ್ಲ. ದೀಪ ತೋರಿಸಲು ಇನ್ನೊಂದು ದೀಪ ಬೇಡ, ಜ್ಞಾನ ತನಗೆ ತಾನೇ ಬೆಳಕು ಎನ್ನುತ್ತಾರೆ. ಬೌದ್ಧರಲ್ಲಿ ದಿಙ್ನಾಗನ ದಾರಿಯವರೂ ಸುಮಾರಾಗಿ ಇದೇ ಪಕ್ಷ. ಈಗ ಅಜ್ಜಿಯನ್ನು ಇವರ ಮುಂದೆ ಕೂರಿಸಿ. ಕೈಯಿಂದ ಬರುವ ಸುದ್ದಿ ಮೆದುಳಿನಲ್ಲಿ ಎಲ್ಲೋ ದಾಖಲಾಗಿದೆ, ಆದರೆ ‘ನನಗೆ ತಿಳಿದಿದೆ’ ಎಂಬುದು ಮಾತ್ರ ಇಲ್ಲ ಎಂದಾದರೆ, ನ್ಯಾಯದವರ ಎರಡು ಹಂತದ ಲೆಕ್ಕ ಹೆಚ್ಚು ಹೊಂದುವಂತೆ ಕಾಣುತ್ತದೆ. ಜ್ಞಾನ ತನಗೆ ತಾನೇ ಬೆಳಕು ಎನ್ನುವವರು, ಅಂದರೆ ಸ್ವಪ್ರಕಾಶದವರು, ಸುಮ್ನಿರುವುದಿಲ್ಲ. ದಾಖಲಾದದ್ದೆಲ್ಲ ಜ್ಞಾನವೇ ಅಲ್ಲ ಎನ್ನುತ್ತಾರೆ. ಇದನ್ನು ಬೆಳೆಸಿ ಎಂಟು ಪುಟ ಬರೆಯಿರಿ. ಕೆಲವು ಕೋರ್ಸುಗಳು ಬರಹದ ಮಾದರಿ ಕೇಳುತ್ತವೆ. ಇದನ್ನೇ ಕೊಡಬಹುದು.

ಫಿಲಾಸಫಿ ಪದವಿ ಇಲ್ಲ ಎಂಬ ನಿಮ್ಮ ಭಯಕ್ಕೆ ಆ ಎಂಟು ಪುಟವೇ ಉತ್ತರ. ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದಲ್ಲಿ ‘ಮೈಂಡ್ ಅಂಡ್ ಬ್ರೈನ್’ ಎಂಬ ಎರಡು ವರ್ಷದ ಮಾಸ್ಟರ್ಸ್ ಇದೆ. ಪಾಠ ಇಂಗ್ಲಿಷಿನಲ್ಲಿ. ಮೈಂಡ್, ಬ್ರೈನ್ ಎಂದು ಎರಡು ದಾರಿ. ಒಂದನ್ನು ಆರಿಸಿಕೊಂಡರೂ ಇನ್ನೊಂದರ ಪಾಠ ಇದ್ದೇ ಇರುತ್ತದೆ. ಫಿಲಾಸಫಿಯ ಮೈಕೆಲ್ ಪೌವೆನ್, ನರವಿಜ್ಞಾನದ ಆರ್ನೋ ವಿಲ್ರಿಂಗರ್ ಇಬ್ಬರೂ ಸೇರಿ ಕಟ್ಟಿದ ಸಂಸ್ಥೆ ಅದು. ಪ್ರಾಣಿಶಾಸ್ತ್ರ ಓದಿದ ನೀವು ಬ್ರೈನ್ ದಾರಿಗೆ ಅರ್ಜಿ ಹಾಕಿ, ಫಿಲಾಸಫಿಯ ಪ್ರಶ್ನೆ ಹಿಡಿದು ಹೋಗುವುದು ನನ್ನ ಮಟ್ಟಿಗೆ ಜಾಣತನ. ಜರ್ಮನಿಯದೇ ಆಸ್ನಾಬ್ರುಕ್‌ನಲ್ಲಿ ಕಾಗ್ನಿಟಿವ್ ಸೈನ್ಸ್ (ಅರಿವಿನ ವಿಜ್ಞಾನ) ಇದೆ. ಆಸ್ಟ್ರಿಯಾದ ವಿಯೆನ್ನಾದಲ್ಲೂ ಅದೇ ವಿಷಯದ ಕೋರ್ಸ್ ಇದೆ, ಅದರಲ್ಲಿ ಒಂದು ಸೆಮಿಸ್ಟರ್ ಬ್ರಾಟಿಸ್ಲಾವಾ, ಲ್ಯುಬ್ಲಿಯಾನಾದಂಥ ಜೊತೆ ವಿಶ್ವವಿದ್ಯಾಲಯದಲ್ಲಿ ಕಳೆಯುತ್ತೀರಿ. ಪ್ಯಾರಿಸ್‌ನ ಕಾಗ್‌ಮಾಸ್ಟರ್ ಎಂಬ ಕೋರ್ಸ್ ತುಂಬ ಒಳ್ಳೆಯದು, ಸ್ಪರ್ಧೆಯೂ ಹಾಗೇ ಇದೆ. ಎಡಿನ್‌ಬರೋದಲ್ಲಿ ಒಂದೇ ವರ್ಷದ ಕೋರ್ಸ್ ಇದೆ, ಆದರೆ ಫೀಸು ಭಾರ. ಅಮೆರಿಕದಲ್ಲಿ ಹಲವು ಕಡೆ ನಾಲ್ಕು ವರ್ಷದ ಪದವಿ ಕೇಳುತ್ತಾರೆ. ಮೂರು ವರ್ಷದ ಡಿಗ್ರಿ ಇರುವ ನೀವು ಮೊದಲು ಯುರೋಪಿನ ಕಡೆ ನೋಡಿ.

ಭಾರತದಲ್ಲೂ ಹಾಕಿ. ಇದನ್ನು ಎರಡನೇ ದರ್ಜೆಯ ಆಯ್ಕೆ ಎಂದು ಅಂದುಕೊಳ್ಳಬೇಡಿ. ಐಐಟಿ ಗಾಂಧಿನಗರ, ಐಐಟಿ ದೆಹಲಿ, ಹೈದರಾಬಾದ್ ವಿಶ್ವವಿದ್ಯಾಲಯ, ಅಲಹಾಬಾದ್ ವಿಶ್ವವಿದ್ಯಾಲಯದ ವರ್ತನೆ ಮತ್ತು ಅರಿವಿನ ವಿಜ್ಞಾನಗಳ ಕೇಂದ್ರ, ಎಲ್ಲ ಕಡೆ ಕಾಗ್ನಿಟಿವ್ ಸೈನ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಇದೆ. ಖರ್ಚು ಎಷ್ಟೋ ಕಡಿಮೆ. ಇಲ್ಲಿ ಮಾಸ್ಟರ್ಸ್ ಮಾಡಿ ಪಿಎಚ್‌ಡಿಗೆ ಹೊರಗೆ ಹೋದ ನನ್ನ ವಿದ್ಯಾರ್ಥಿಗಳು ಸಾಲವಿಲ್ಲದೆ ಹೋದರು.

ಅಂಕದ ವಿಷಯ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಬರೀ ಪಾಸು. ನಮ್ಮ ಅಂಕವನ್ನು ಅವರ ಲೆಕ್ಕಕ್ಕೆ ತರುವ ಸೂತ್ರ ಸುಲಭ. ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ. ಗರಿಷ್ಠದಿಂದ ಪಾಸಿನ ಅಂಕ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ನಿಮ್ಮದು 7.8, ಗರಿಷ್ಠ 10. ಪಾಸಿಗೆ 4 ಎಂದು ಇಟ್ಟುಕೊಂಡರೆ 2.1 ಬರುತ್ತದೆ. ಅದು ಒಳ್ಳೆಯ ಅಂಕವೇ. ಅಂಕದ ಕಾರಣಕ್ಕೆ ಹಿಂಜರಿಯಬೇಕಿಲ್ಲ.

ನಿಮ್ಮಲ್ಲಿ ಕೊರತೆ ಕಾಣುವುದು ಸಂಖ್ಯಾಶಾಸ್ತ್ರದಲ್ಲಿ. ಮೆದುಳಿನ ಪ್ರಯೋಗ ಎಂದರೆ ಬಹುಪಾಲು ಡೇಟಾ. ಡೇಟಾಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆಗಳಾದ ಪೈಥಾನ್ ಅಥವಾ ಆರ್ ಎರಡರಲ್ಲಿ ಒಂದನ್ನು ಕಲಿಯಿರಿ, ಎರಡೂ ಉಚಿತ. ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಸಂಖ್ಯಾಶಾಸ್ತ್ರದ, ಅರಿವಿನ ವಿಜ್ಞಾನದ ಪಾಠಗಳನ್ನು ದುಡ್ಡಿಲ್ಲದೆ ಕೇಳಬಹುದು. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ. ಆ ಪರೀಕ್ಷೆ ಬರೆಯಿರಿ, ಅರ್ಜಿಯಲ್ಲಿ ತೋರಿಸಲು ಆಗುತ್ತದೆ. ಫಿಲಾಸಫಿಗೆ ಸ್ಟ್ಯಾನ್‌ಫರ್ಡ್‌ನ ಆನ್‌ಲೈನ್ ವಿಶ್ವಕೋಶ ಇದೆ, ಅದೂ ಉಚಿತ. ಮೊದಲ ಓದಿಗೆ ಕಷ್ಟ ಅನಿಸುತ್ತದೆ. ಒಂದು ಲೇಖನಕ್ಕೆ ಒಂದು ವಾರ ಕೊಡಿ, ಓದಿದ್ದನ್ನು ಕನ್ನಡದಲ್ಲಿ ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ. ಕನ್ನಡದಲ್ಲಿ ಬರೆಯಲು ಆಗದಿದ್ದರೆ ಅರ್ಥವಾಗಿಲ್ಲ ಎಂದೇ ತಿಳಿಯಿರಿ. ನನಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇವತ್ತಿಗೂ ಸಿಕ್ಕಿಲ್ಲ.

ನೀವಿರುವ ಜಾಗದ ಅನುಕೂಲವನ್ನೂ ಬಳಸಿಕೊಳ್ಳಿ. ಬೆಂಗಳೂರು ಬಸ್ಸಿಗೆ ಹತ್ತಿರ. ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯ ಇದೆ, ಸಾರ್ವಜನಿಕರೂ ನೋಡಬಹುದು. ಐಐಎಸ್‌ಸಿಯಲ್ಲಿ ನರವಿಜ್ಞಾನ ಕೇಂದ್ರ ಇದೆ. ಅದೇ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಎನ್‌ಐಎಎಸ್‌ನಲ್ಲಿ ಪ್ರಜ್ಞೆಯ ಬಗ್ಗೆ ಸಂಶೋಧನೆ ನಡೆದಿದೆ. ಇಂಥ ಕಡೆಯ ಸಂಶೋಧಕರಿಗೆ ಚಿಕ್ಕ ಇಮೇಲ್ ಬರೆದು ಎರಡು ತಿಂಗಳು ಕೆಲಸ ಕಲಿಯಲು ಕೇಳಿ. ಹತ್ತು ಜನರಿಗೆ ಬರೆದರೆ ಒಬ್ಬರು ಉತ್ತರ ಕೊಟ್ಟರೂ ಸಾಕು.

ಶಿಫಾರಸು ಪತ್ರದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನಮ್ಮ ಜಿಲ್ಲೆಗಳ ಮಕ್ಕಳು ಎಡವುವುದು ಇಲ್ಲೇ. ಪ್ರಿನ್ಸಿಪಾಲರ ಸಹಿ ಇದ್ದರೆ ತೂಕ ಎಂದು ಎಲ್ಲರೂ ಅವರ ಹತ್ತಿರ ಓಡುತ್ತಾರೆ. ಅವರಿಗೆ ನಿಮ್ಮ ಮುಖವೂ ಸರಿಯಾಗಿ ನೆನಪಿರುವುದಿಲ್ಲ. ಲ್ಯಾಬ್‌ನಲ್ಲಿ ನಿಮ್ಮನ್ನು ಮೂರು ವರ್ಷ ನೋಡಿದ ಪ್ರಾಣಿಶಾಸ್ತ್ರದ ಲೆಕ್ಚರರ್ ಪತ್ರಕ್ಕೆ ಬೆಲೆ ಜಾಸ್ತಿ. ‘ನೀನೇ ಟೈಪ್ ಮಾಡ್ಕೊಂಡು ಬಾ, ಸೈನ್ ಹಾಕ್ತೀನಿ’ ಎಂದು ಅವರು ಹೇಳಬಹುದು. ಒಪ್ಪಬೇಡಿ. ಅದರ ಬದಲು ಅವರ ಪಾಠದಲ್ಲಿ ನೀವು ಮಾಡಿದ ಕೆಲಸ, ಕೇಳಿದ ಪ್ರಶ್ನೆ, ಬಂದ ಅಂಕ ಇಷ್ಟನ್ನು ಒಂದು ಪುಟದಲ್ಲಿ ಬರೆದುಕೊಡಿ. ನೋಡಿಕೊಂಡು ಅವರೇ ಬರೆಯಲಿ. ನಿಮ್ಮ ಉದ್ದೇಶ ಪತ್ರದ ಭಾಷೆಯೂ ಶಿಫಾರಸಿನ ಭಾಷೆಯೂ ಒಂದೇ ಆದರೆ ಓದುವವರಿಗೆ ಅನುಮಾನ ಬರುತ್ತದೆ. ಕೆಲವು ವಿಶ್ವವಿದ್ಯಾಲಯಗಳು ಶಿಫಾರಸು ಕೊಡುವವರ ಕಾಲೇಜಿನ ಇಮೇಲ್ ಕೇಳುತ್ತವೆ. ನಮ್ಮ ಲೆಕ್ಚರರ್‌ಗಳಲ್ಲಿ ಹಲವರಿಗೆ ಇರುವುದು ಜಿಮೇಲ್ ಮಾತ್ರ. ಹಾಗಿದ್ದರೆ ಕಾಲೇಜಿನ ಲೆಟರ್‌ಹೆಡ್, ಸೀಲು, ಸಹಿ ಇರಲಿ. ಜೊತೆಗೆ ಆ ವಿಶ್ವವಿದ್ಯಾಲಯದ ಪ್ರವೇಶ ಕಚೇರಿಗೆ ಮೊದಲೇ ಮೇಲ್ ಬರೆದು ವಿಷಯ ತಿಳಿಸಿ. ಕೊನೆಯ ದಿನದವರೆಗೆ ಕಾಯಬೇಡಿ. ನನಗೆ ಒಬ್ಬರು ಪತ್ರ ಕಳಿಸಿದ್ದೇನೆ ಎಂದರು, ಕಳಿಸಿರಲಿಲ್ಲ. ಅದು ನನಗೆ ಗೊತ್ತಾಗುವಾಗ ಗಡುವು ಮುಗಿದು ಹದಿನೈದು ದಿನವಾಗಿತ್ತು. ಈಗ ಎಲ್ಲರಿಗೂ ಹೇಳುತ್ತೇನೆ, ಇಬ್ಬರು ಬೇಕಾದರೆ ಮೂವರನ್ನು ಕೇಳಿಟ್ಟುಕೊಳ್ಳಿ.

ಕಾಗದಪತ್ರಕ್ಕೆ ಇವತ್ತೇ ಓಡಾಟ ಶುರು ಮಾಡಿ. ನಿಮ್ಮ ಡಿಗ್ರಿ ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ್ದಾದರೆ ಎಲ್ಲ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್, ಟ್ರಾನ್ಸ್‌ಕ್ರಿಪ್ಟ್, ಪದವಿ ಪ್ರಮಾಣಪತ್ರ ಅಲ್ಲಿಂದ ತೆಗೆದಿಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ, ಆಧಾರ್‌ನಲ್ಲಿ, ಪಾಸ್‌ಪೋರ್ಟ್‌ನಲ್ಲಿ ಹೆಸರಿನ ಇನಿಷಿಯಲ್ ಒಂದೇ ರೀತಿ ಇದೆಯೇ ನೋಡಿ. ಈ ಒಂದು ಅಕ್ಷರದ ವ್ಯತ್ಯಾಸಕ್ಕೆ ತಿಂಗಳುಗಟ್ಟಲೆ ಅಲೆದವರಿದ್ದಾರೆ. ಸಿಲಬಸ್ ಪ್ರತಿಯೂ ಇರಲಿ. ಜರ್ಮನಿಗೆ ವಿದ್ಯಾರ್ಥಿ ವೀಸಾ ಬೇಕಾದರೆ ಎಪಿಎಸ್ ಪ್ರಮಾಣಪತ್ರ ಬೇಕು. ನಿಮ್ಮ ಮಾರ್ಕ್ಸ್ ಕಾರ್ಡ್ ಅಸಲಿಯೇ ಎಂದು ಪರೀಕ್ಷಿಸಿ ಕೊಡುವ ಪತ್ರ ಅದು. 2022ರ ನವೆಂಬರ್‌ನಿಂದ ಭಾರತೀಯರಿಗೆ ಕಡ್ಡಾಯ. ಶುಲ್ಕ 18,000 ರೂಪಾಯಿ. ಬರಲು ಸಮಯ ಹಿಡಿಯುತ್ತದೆ, ಹಾಗಾಗಿ ಇದೇ ಮೊದಲ ಕೆಲಸ. ಹಲವು ಜರ್ಮನ್ ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯ ಮೂಲಕ ಹಾಕುವ ಅರ್ಜಿಗೆ ಮೊದಲನೆಯದಕ್ಕೆ 75 ಯೂರೋ, ಆಮೇಲಿನ ಪ್ರತಿಯೊಂದಕ್ಕೆ 30 ಯೂರೋ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಅಂಕ ಎರಡು ವರ್ಷ ನಡೆಯುತ್ತದೆ. 6.5 ಬಂದರೆ ಹಲವು ಕಡೆ ಸಾಕು, 7 ಬಂದರೆ ನಿಶ್ಚಿಂತೆ. ಕೋರ್ಸ್ ಶುರುವಾಗುವುದು ಅಕ್ಟೋಬರ್‌ನಲ್ಲಾದರೂ ಅದೇ ವರ್ಷದ ಮೊದಲ ತಿಂಗಳುಗಳಲ್ಲೇ ಅರ್ಜಿ ಮುಚ್ಚುವ ಕಡೆಗಳಿವೆ. ದಿನಾಂಕವನ್ನು ಆಯಾ ವಿಶ್ವವಿದ್ಯಾಲಯದ ಪುಟದಲ್ಲೇ ನೋಡಿ, ಏಜೆಂಟರ ಮಾತಿನ ಮೇಲೆ ಹೋಗಬೇಡಿ.

ಈಗ ಹಣ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರ್‌ಗೆ ಒಂದಿಷ್ಟು ಕೊಡುಗೆ ಹಣ ಕಟ್ಟಬೇಕು. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಾದರೆ ಹೊರದೇಶದವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ವಿಯೆನ್ನಾದಲ್ಲಿ ಸುಮಾರು 727. ದೊಡ್ಡ ಮೊತ್ತ ಬ್ಲಾಕ್ಡ್ ಅಕೌಂಟ್‌ನದು. ವೀಸಾಕ್ಕೆ ಮೊದಲು ವರ್ಷಕ್ಕೆ 11,904 ಯೂರೋ ಅದರಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ ಇದೆ. ರೂಪಾಯಿಯಲ್ಲಿ ಹತ್ತು ಲಕ್ಷಕ್ಕಿಂತ ಮೇಲೆ. ಇದು ಅವರಿಗೆ ಕೊಡುವ ಹಣವಲ್ಲ ಎಂದು ಅಪ್ಪನಿಗೆ ಬಿಡಿಸಿ ಹೇಳಿ. ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮ್ಮ ಖರ್ಚಿಗೆ ನಿಮಗೇ ವಾಪಸ್ ಬರುತ್ತದೆ. ಓದುತ್ತಲೇ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಲು ಅನುಮತಿ ಇದೆ. ಆದರೆ ಮೊದಲ ಸೆಮಿಸ್ಟರ್ ಅದನ್ನು ನಂಬಿ ಹೋಗಬೇಡಿ, ಪಾಠವೇ ಉಸಿರು ಕಟ್ಟಿಸುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಾದರೆ ವಿದೇಶ ವ್ಯಾಸಂಗಕ್ಕೆ ನೆರವಾಗುವ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ನೋಡಿ. ಹಿಂದುಳಿದ ವರ್ಗದವರಾದರೆ ದೇವರಾಜ ಅರಸು ನಿಗಮದಲ್ಲಿ ವಿದೇಶ ವ್ಯಾಸಂಗದ ಸಾಲದ ಬಗ್ಗೆ ವಿಚಾರಿಸಿ. ಬ್ಯಾಂಕ್ ಸಾಲ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ಘಟಕವನ್ನೇ ಅಡವಿಡುವ ಮಾತು ಬಂದರೆ, ಒಂದು ವರ್ಷ ತಡೆದು ಭಾರತದ ಕೋರ್ಸಿಗೆ ಹೋಗಿ ಎಂದೇ ನಾನು ಹೇಳುತ್ತೇನೆ. ದುಡಿಯುವ ಮನೆಯ ಅನ್ನದ ದಾರಿಯನ್ನು ಒಂದು ವೀಸಾದ ಮೇಲೆ ಪಣಕ್ಕಿಡಬಾರದು.

ಕೆಲಸದ ಬಗ್ಗೆ ಮನೆಯವರಿಗೆ ನಿಜವನ್ನೇ ಹೇಳಿ. ಈ ಪದವಿ ಹಿಡಿದು ಹೋದ ತಕ್ಷಣ ಸೇರಿಸಿಕೊಳ್ಳುವ ಹುದ್ದೆ ಅಂತ ಒಂದಿಲ್ಲ. ಮುಂದೆ ಪಿಎಚ್‌ಡಿ ಮಾಡುವುದು ಮುಖ್ಯ ದಾರಿ. ಜರ್ಮನಿಯಲ್ಲಿ ಬಹಳಷ್ಟು ಪಿಎಚ್‌ಡಿ ಸ್ಥಾನಗಳಿಗೆ ಸಂಬಳ ಇರುತ್ತದೆ. ಪ್ರಯೋಗ ರೂಪಿಸುವುದು, ಡೇಟಾ ಬಿಡಿಸುವುದು ಬಂದರೆ ಆಸ್ಪತ್ರೆಗಳ ಸಂಶೋಧನಾ ತಂಡ, ಜನ ಆ್ಯಪ್, ಸಾಧನಗಳನ್ನು ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡುವ ಕಂಪನಿಗಳಲ್ಲಿ ಕೆಲಸ ಸಿಗುತ್ತದೆ. ನಾನು ಸಂಖ್ಯಾಶಾಸ್ತ್ರ, ಪೈಥಾನ್ ಎಂದು ಒತ್ತಿ ಹೇಳಿದ್ದು ಇದಕ್ಕೂ ಸೇರಿಸಿಯೇ.

ನಮ್ಮ ಊರಿನ ಕಡೆಯಿಂದ ಇಂಥದ್ದಕ್ಕೆ ಯಾರು ಹೋಗುತ್ತಾರೆ ಎಂದು ಯಾರಾದರೂ ಕೇಳಿದರೆ, ಎಚ್. ನರಸಿಂಹಯ್ಯನವರ ಹೆಸರು ಹೇಳಿ. ನಿಮ್ಮದೇ ಜಿಲ್ಲೆಯ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅಮೆರಿಕದ ಓಹಿಯೋಗೆ ಹೋಗಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ಬಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದರು.

ಈ ವಾರ ಮಾಡಬೇಕಾದ ಕೆಲಸ ಒಂದಿದೆ. ಅಮ್ಮನ ಜೊತೆ ಕೂತು ಅಜ್ಜಿಯ ಆ ಮೂರು ವಾರಗಳ ಬಗ್ಗೆ ನೆನಪಿರುವುದನ್ನೆಲ್ಲ ಬರೆದಿಡಿ. ಕೈ ಎತ್ತಿ ಎಂದಾಗ ಏನು ಮಾಡಿದರು, ಯಾವ ಕಾರಣ ಕೊಟ್ಟರು, ಬಿದ್ದ ಕೈಯನ್ನು ಬೇರೆ ಯಾರದ್ದೋ ಎಂದರೇ, ಯಾವ ದಿನ ಮೊದಲ ಸಲ ಒಪ್ಪಿಕೊಂಡರು, ಒಪ್ಪಿಕೊಂಡ ಮೇಲೆ ಹಿಂದೆ ತಾವೇ ಆಡಿದ ಮಾತು ನೆನಪಿತ್ತೇ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಮನೆಯಲ್ಲಿದ್ದರೆ ಮೆದುಳಿನ ಯಾವ ಭಾಗ ಎಂದು ಅದರಲ್ಲಿ ಬರೆದಿರುತ್ತದೆ, ಅದನ್ನೂ ಹುಡುಕಿ. ಕೊನೆಯ ಪ್ರಶ್ನೆಗೆ ಸಿಗುವ ಉತ್ತರವನ್ನು ನನಗೂ ಬರೆದು ತಿಳಿಸಿ.